ಕಂಚಲೆ ತಂದ ಗಾಳಿಹಕ್ಕಿ

ಕಡಲು ಈಗಿನದಕ್ಕಿಂತ ಹತ್ತು ಹರಿದಾರಿ ಆಚೆಗಿದ್ದ ಕಾಲ. ಅಂದು ಅಲೆಗುಂದ ಎಂಬ ರಾಜ್ಯವಿತ್ತು. ಆ ರಾಜ್ಯದ ಮೇಲೆ ಬೇಸಿಗೆಯಲ್ಲೂ ಮಂಜು, ಮಳೆಗಾಲದಲ್ಲೂ ಮಂಜು. ಅಲ್ಲಿ ಹುಟ್ಟಿದ ಮಕ್ಕಳು ಆಕಾಶವನ್ನೇ ಕಂಡಿರಲಿಲ್ಲ.

ಊರಿನ ತುದಿಯ ಕಲ್ಲುಗೋಪುರದಲ್ಲಿ ಕಾವಳರಾಯನೆಂಬ ಮಾಂತ್ರಿಕನಿದ್ದ. ದಿನಾ ಬೆಳಗಾಗುತ್ತಲೇ ಗಂಟೆ ಹೊಡೆಯುತ್ತಿದ್ದ. ಒಂದು ಹೊಡೆತವಾದರೆ ಕಡಲು ಶಾಂತ, ದೋಣಿ ಇಳಿಸಬಹುದು. ಮೂರು ಹೊಡೆತವಾದರೆ ಬಿರುಗಾಳಿ, ಮನೆಯಲ್ಲಿರಬೇಕು. ಅರಸನೂ ಆ ಗಂಟೆಗೇ ಕಿವಿಗೊಟ್ಟು ಕೂರುತ್ತಿದ್ದ. ಹತ್ತಾರು ಸಲ ಗಂಟೆ ನಿಜ ಹೇಳುತ್ತಿತ್ತು, ಯಾವಾಗಲೋ ಒಂದು ಸಲ ಸುಳ್ಳು. ಸುಳ್ಳಾದ ದಿನ ಹೋದ ದೋಣಿಗಳು ಮರಳುತ್ತಿರಲಿಲ್ಲ. "ಕಡಲವ್ವನಿಗೆ ಬೇಕಾಗಿತ್ತು, ತಗೊಂಡಳು" ಎಂದು ಜನ ಅತ್ತು ಸುಮ್ಮನಾಗುತ್ತಿದ್ದರು.

ಬಲೆ ಹೆಣೆಯುವ ಕಂಚಲೆಯ ಅಣ್ಣ ಬೀರ ಹೋದದ್ದೂ ಅಂಥ ದಿನವೇ. ಹದಿಮೂರು ದಿನ ಅವಳು ದಡದಲ್ಲಿ ಕೂತು ಕಾದಳು. ಹದಿನಾಲ್ಕನೆಯ ದಿನ ಎದ್ದು ಅಪ್ಪ ಕೋಟಯ್ಯನ ಮುಂದೆ ನಿಂತಳು.

"ಅಪ್ಪಾ, ಗಾಳಿಯ ಸುದ್ದಿ ಗಾಳಿಯನ್ನೇ ಕೇಳಬೇಕು. ಏಳುಗಾಳಿ ಬೆಟ್ಟದ ಏಚವ್ವಜ್ಜಿ ಗಾಳಿಗೆ ಬಾಯಿ ಮಾಡಿಕೊಡ್ತಾಳಂತೆ. ನಾನು ಹೋಗ್ತೀನಿ."

"ಆ ಬೆಟ್ಟಕ್ಕೆ ಹೋದವರು ಮರಳಿ ಬಂದದ್ದುಂಟೇನೇ?"

"ಕಡಲಿಗೆ ಹೋದವರು ಬಂದರೇನಪ್ಪಾ?"

ಕೋಟಯ್ಯ ಒಳಗೆ ಹೋಗಿ ಅವಳಿಗೆ ಬುತ್ತಿ ಕಟ್ಟಿಕೊಟ್ಟ.

ಕಂಚಲೆ ಒಂಬತ್ತು ದಿನ ನಡೆದು ಬೆಟ್ಟ ಹತ್ತಿದಳು. ಅಜ್ಜಿಯ ಅಂಗಳದ ತುಂಬ ಮನುಷ್ಯರ ಆಕಾರದ ಕಲ್ಲುಗಳು ನಿಂತಿದ್ದವು.

"ಮೂರು ಕೋಣೆ, ಮೂರು ಆಯ್ಕೆ" ಎಂದಳು ಏಚವ್ವಜ್ಜಿ. "ಒಂದು ತಪ್ಪಿದರೂ ನೀನು ಇವರ ಪಕ್ಕದಲ್ಲಿ ನಿಲ್ಲಬೇಕು."

ಮೊದಲ ಕೋಣೆಯಲ್ಲಿ, ಗಾಳಿ ಬಂದ ಕಡೆಗೆ ಕೊಕ್ಕು ತಿರುಗಿಸುವ ಗಾಳಿಹಕ್ಕಿಗಳಿದ್ದವು. ಚಿನ್ನದ ಹಕ್ಕಿ ಕೂಗಿತು: "ವರ್ಷದ ಗಾಳಿಯನ್ನೆಲ್ಲ ಇವತ್ತೇ ಹೇಳಬಲ್ಲೆ!" ಕಂಚಲೆ ಅದರ ಮೇಲೆ ಮೆಲ್ಲಗೆ ಉಸಿರು ಬಿಟ್ಟಳು. ಅದು ಕದಲಲಿಲ್ಲ. ಬೆಳ್ಳಿಯದೂ ಕದಲಲಿಲ್ಲ. ಮೂಲೆಯಲ್ಲಿದ್ದ ತಗಡಿನ ಹಕ್ಕಿ ಮಾತ್ರ ಅಷ್ಟಕ್ಕೇ ತಿರುಗಿತು. ಅವಳು ಅದನ್ನು ಎತ್ತಿಕೊಂಡಳು.

ಎರಡನೆಯ ಕೋಣೆಯಲ್ಲಿ, ಬಿದ್ದ ಮಳೆ ಅಳೆಯಲು ಒಳಗೆ ಗೀಟು ಕೊರೆದ ಮಳೆಬಟ್ಟಲುಗಳಿದ್ದವು. ಕಂಚಲೆ ಪ್ರತಿ ಬಟ್ಟಲಿಗೂ ಒಂದು ಚಿಪ್ಪು ನೀರು ಸುರಿದು ಗೀಟು ನೋಡಿದಳು. ಚೆಲ್ಲಿ, ಮತ್ತೆ ಅದೇ ಚಿಪ್ಪಿನಿಂದ ಸುರಿದಳು. ರತ್ನದ ಬಟ್ಟಲುಗಳು ಒಂದು ಸಲ ಒಂದು ಗೀಟು, ಇನ್ನೊಂದು ಸಲ ಇನ್ನೊಂದು ಗೀಟು ತೋರಿಸಿದವು. ಎರಡು ಸಲವೂ ಒಂದೇ ಗೀಟು ತೋರಿಸಿದ್ದು ಮಣ್ಣಿನ ಬಟ್ಟಲು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಮೂರನೆಯ ಕೋಣೆಯಲ್ಲಿ ಎರಡೇ ಗಾಜಿನ ನಳಿಗೆಗಳಿದ್ದವು, ಒಳಗೆ ನೀರು. ಒಂದು ನಳಿಗೆ ಬೀರನ ದನಿಯಲ್ಲಿ ಮಾತಾಡಿತು: "ತಂಗೀ, ನಾನು ಬದುಕಿದ್ದೀನಿ. ಹುಣ್ಣಿಮೆಗೆ ಬರ್ತೀನಿ. ನನ್ನನ್ನು ಮನೆಗೆ ಕರಕೊಂಡು ಹೋಗು." ಇನ್ನೊಂದು ಏನೂ ಹೇಳಲಿಲ್ಲ.

ಕಂಚಲೆಯ ಕೈ ತಾನಾಗಿ ಮಾತಾಡುವ ನಳಿಗೆಯ ಕಡೆಗೆ ಹೋಯಿತು. ಬಹಳ ಹೊತ್ತು ಅದನ್ನು ಎದೆಗಪ್ಪಿಕೊಂಡು ಅತ್ತಳು. ಆಮೇಲೆ, ತಾನು ಕೇಳಬಯಸಿದ್ದನ್ನೇ ಹೇಳುವ ಅದನ್ನು ಇದ್ದಲ್ಲೇ ಇಟ್ಟು, ಮಾತಿಲ್ಲದ್ದನ್ನು ತೆಗೆದುಕೊಂಡಳು. ಬೆನ್ನ ಹಿಂದೆ "ತಂಗೀ, ತಂಗೀ" ಎನ್ನುವ ಕೂಗು ಬಾಗಿಲು ದಾಟುವವರೆಗೂ ನಿಲ್ಲಲಿಲ್ಲ.

"ಅಂಗಳದಲ್ಲಿ ಕಲ್ಲಾಗಿ ನಿಂತವರೆಲ್ಲ ಈ ಕೋಣೆಯಲ್ಲೇ ಸೋತವರು" ಎಂದಳು ಅಜ್ಜಿ. "ಕೇಳು ಮಗಾ. ಗಾಳಿಗೂ ತೂಕವಿದೆ. ಅದು ಹಗುರಾದಾಗ ಈ ನೀರು ಇಳಿಯುತ್ತದೆ, ನೀರು ಇಳಿದರೆ ಬಿರುಗಾಳಿ. ನಳಿಗೆಯನ್ನು ನೆರಳಲ್ಲಿಡು, ಬಟ್ಟಲನ್ನು ಬಯಲಲ್ಲಿಡು, ಹಕ್ಕಿಯನ್ನು ಎತ್ತರದಲ್ಲಿ ನೆಡು. ದಿನಾ ಒಂದೇ ಹೊತ್ತಿಗೆ ನೋಡು. ಇನ್ನೊಂದು ಮಾತು. ಮುಳುಗಿದವರ ಕೊನೆಯುಸಿರೇ ಕಾವಳರಾಯನ ಮಂಜು. ಮಂಜು ತೆಳುವಾದಾಗಲೆಲ್ಲ ಅವನಿಗೆ ದೋಣಿ ಬೇಕು."

ಊರಿಗೆ ಬಂದ ಕಂಚಲೆ ಹಕ್ಕಿಯನ್ನು ಮನೆಯ ಮಾಡಿನ ಮೇಲೇ ನೆಟ್ಟಳು. ಅದು ಗಿರಗಿರನೆ ತಿರುಗಿತು. "ಬಿರುಗಾಳಿ ಬರುತ್ತೆ" ಎಂದು ಅವಳು ನಳಿಗೆಯ ನೀರನ್ನೂ ನೋಡದೆ ಕೇರಿಯೆಲ್ಲ ಸಾರಿದಳು. ದೋಣಿಗಳು ನಿಂತವು. ಬಿರುಗಾಳಿ ಬರಲಿಲ್ಲ. ಪಕ್ಕದ ಮನೆಯ ಎತ್ತರದ ಗೋಡೆಗೆ ಬಡಿದ ಗಾಳಿ ಅಲ್ಲೇ ಸುತ್ತಿಕೊಂಡು ಹಕ್ಕಿಯನ್ನು ತಿರುಗಿಸಿತ್ತು. ಆ ದಿನ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಪಕ್ಕದ ಮನೆಯ ಸಂಕಣ್ಣ ದೋಣಿಗೆ ಒದ್ದು ನಕ್ಕ, ಅವನ ಹೆಂಡತಿ ಗುಜ್ಜವ್ವನೂ ನಕ್ಕಳು. ಕಂಚಲೆ ನಾಚಿಕೆಯಿಂದ ಕುಗ್ಗಿದಳು.

ಅವಳು ಹಕ್ಕಿಯನ್ನು ಕಿತ್ತು, ಮರವಿಲ್ಲದ ಗೋಡೆಯಿಲ್ಲದ ಬೋಳು ಬಂಡೆಯ ಮೇಲೆ ನೆಟ್ಟಳು. ತನಗೇ ಖಾತ್ರಿಯಾಗುವವರೆಗೆ ಯಾರಿಗೂ ಏನೂ ಹೇಳಬಾರದೆಂದುಕೊಂಡಳು. ನಲವತ್ತು ದಿನ, ಕೋಳಿ ಕೂಗುವ ಹೊತ್ತಿಗೆ ಮೂರನ್ನೂ ನೋಡಿ, ಬಲೆಯ ದಾರಕ್ಕೆ ಒಂದೊಂದು ಗಂಟು ಹಾಕಿದಳು. ಗಾಳಿಗೆ ಬಿಳಿ, ಮಳೆಗೆ ಕೆಂಪು, ನೀರು ಇಳಿದರೆ ಕಪ್ಪು.

ನಲವತ್ತೊಂದನೆಯ ಬೆಳಗ್ಗೆ ಮಂಜು ಹಳೆಯ ಬಟ್ಟೆಯಂತೆ ತೆಳುವಾಗಿತ್ತು. ನಳಿಗೆಯ ನೀರು ತಳ ಮುಟ್ಟಿತ್ತು. ಗೋಪುರದ ಗಂಟೆ ಒಂದೇ ಸಲ ಹೊಡೆಯಿತು.

ಕಂಚಲೆ ದಡಕ್ಕೆ ಓಡಿದಳು. "ಇಳೀಬೇಡಿ! ಕೈ ಮುಗೀತೀನಿ, ಇವತ್ತು ಇಳೀಬೇಡಿ!"

"ನಿನ್ನ ತಗಡು ಕೋಳಿಯ ಮಾತು ಕೇಳಿ ಒಂದು ಸಲ ಉಪವಾಸ ಬಿದ್ದದ್ದು ಸಾಕು" ಎಂದು ಸಂಕಣ್ಣ ದೋಣಿ ನೂಕಿಕೊಂಡು ಹೋದ.

ಕೋಟಯ್ಯನೂ ಹಗ್ಗ ಬಿಚ್ಚುತ್ತಿದ್ದ. ಕಂಚಲೆ ಗಂಟಿನ ದಾರವನ್ನು ಅವನ ಕೈಗಿಟ್ಟಳು. "ಅಪ್ಪಾ, ಕರಿ ಗಂಟು ನಾಲ್ಕಿವೆ. ನಾಲ್ಕು ಸಲವೂ ಬಿರುಗಾಳಿ ಬಂತು. ಮೂರು ಸಲ ಗಂಟೆ ನಿಜ ಹೇಳಿತು. ನಾಲ್ಕನೆಯ ಸಲ ಸುಳ್ಳು ಹೇಳಿತು. ಕೆಳಗಿನ ಕೇರಿಯ ಎರಡು ದೋಣಿ ಹೋದದ್ದು ಅವತ್ತೇ."

ಕೋಟಯ್ಯ ಬೆರಳಿನಿಂದ ಗಂಟುಗಳನ್ನು ಸವರಿದ. ನಾಲ್ಕನೆಯದರ ಹತ್ತಿರ ಬೆರಳು ನಿಂತಿತು.

"ಬೀರನ ದಿನ ಇದು ಇದ್ದಿದ್ದರೆ..." ಎಂದ. ದೋಣಿಯನ್ನು ಮರಳಿನ ಮೇಲಕ್ಕೆ ಎಳೆದು ಕವುಚಿಹಾಕಿದ. ಅವನನ್ನು ನೋಡಿ ಇನ್ನೊಬ್ಬ, ಅವನನ್ನು ನೋಡಿ ಮತ್ತೊಬ್ಬ. ಇಪ್ಪತ್ತೊಂಬತ್ತು ದೋಣಿ ದಡದಲ್ಲೇ ಉಳಿದವು.

ಗಂಟೆ ಮತ್ತೆ ಒಂದು ಹೊಡೆಯಿತು. ಯಾರೂ ಇಳಿಯಲಿಲ್ಲ. ಇನ್ನೊಮ್ಮೆ ಹೊಡೆಯಿತು. ಯಾರೂ ಏಳಲಿಲ್ಲ. ನಡುಹಗಲಿಗೆ ಕಡಲು ಕಪ್ಪಾಗಿ ಎದ್ದಿತು. ಸಂಕಣ್ಣನೊಬ್ಬನ ಉಸಿರು ಕಾವಳರಾಯನಿಗೆ ಸಾಲಲಿಲ್ಲ. ಮಾಂತ್ರಿಕ ಬೊಬ್ಬಿಡುತ್ತ ಗೋಪುರದಿಂದ ಹೊರಬಂದ. ಅವನ ಮೈಯೂ ಮಂಜಿನದೇ ಆಗಿತ್ತು. ಬಿರುಗಾಳಿ ಅವನನ್ನು ಹತ್ತಿಯಂತೆ ಎಳೆದು ಹರಿದು ಹಾಕಿತು. ಗಂಟೆ ಕಡಲಿಗೆ ಉರುಳಿತು.

ಆಗ ಇಷ್ಟು ವರ್ಷ ಮಂಜಾಗಿದ್ದ ಉಸಿರುಗಳೆಲ್ಲ ಬಿಡುಗಡೆಯಾಗಿ ದಡ ದಾಟಿ ಹೋದವು. ಒಂದು ಉಸಿರು ಬೆಚ್ಚಗೆ ಕಂಚಲೆಯ ಕೆನ್ನೆ ಸವರಿತು. ಅವಳು ಕೈಚಾಚುವಷ್ಟರಲ್ಲಿ ಅದು ಹೋಗಿಯಾಗಿತ್ತು. ಮುಳುಗಿದವರು ಯಾರೂ ಮರಳಲಿಲ್ಲ.

ಮರುದಿನ ಆಕಾಶ ಕಾಣಿಸಿತು. ಅಷ್ಟು ದೊಡ್ಡ ನೀಲಿಯನ್ನು ನೋಡಿ ಮಕ್ಕಳು ಹೆದರಿ ತಾಯಂದಿರ ಸೆರಗಿನೊಳಗೆ ಮುಖ ಮುಚ್ಚಿಕೊಂಡವು.

ತಿಂಗಳು ಕಳೆದ ಮೇಲೆ ಗುಜ್ಜವ್ವ, ತಾನೇ ತಗಡು ಕತ್ತರಿಸಿ ಮಾಡಿದ ಹಕ್ಕಿಯೊಂದನ್ನು ಹಿಡಿದು ಬಂದು ಕಂಚಲೆಯ ಜಗಲಿಯಲ್ಲಿ ಕೂತಳು.

"ನಮ್ಮನೆಯವರು ನಕ್ಕರು. ನಾನೂ ನಕ್ಕೆ" ಎಂದಳು. "ನನಗೆ ಮೂವರು ಗಂಡುಮಕ್ಕಳಿದ್ದಾರೆ ತಾಯೀ. ಹಕ್ಕಿ ಎಲ್ಲಿ ನೆಡಬೇಕು, ಹೇಳು."

ಕಂಚಲೆ ಹೆಣೆಯುತ್ತಿದ್ದ ಬಲೆಯನ್ನು ಬದಿಗಿಟ್ಟು ಅವಳ ಕೈ ಹಿಡಿದುಕೊಂಡು ಹೊರಟಳು. ಇಬ್ಬರೂ ಗುಜ್ಜವ್ವನ ಹಿತ್ತಲೆಲ್ಲ ಸುತ್ತಿ, ಗಾಳಿ ತಡೆಯಿಲ್ಲದೆ ಬರುವ ಜಾಗ ಹುಡುಕಿದರು. ಬಿರುಗಾಳಿಗಳು ಆಮೇಲೂ ಬಂದವು. ಬಂದಾಗ ದೋಣಿಗಳು ಮರಳಿನ ಮೇಲಿದ್ದವು, ಗಂಡಸರು ಒಲೆಯ ಮುಂದಿದ್ದರು. ಅಲೆಗುಂದದ ಜನ ಹೀಗೆ ಮುಪ್ಪಿನವರೆಗೂ ಸುಖವಾಗಿ ಬಾಳಿದರು. ಅದಕ್ಕೂ ಮೊದಲು ಆ ಊರಿನಲ್ಲಿ ಮುಪ್ಪು ಕಂಡ ಗಂಡಸರು ಬಹಳ ಕಡಿಮೆ.