ನಿಂಬೆವ್ವ ಮಾತಿನಗುಡ್ಡ ಹತ್ತಿದ ಕತೆ

ಬಹಳ ಹಿಂದೆ, ಗುಡ್ಡಗಳಿಗೆ ಇನ್ನೂ ಕಿವಿ ಕೇಳಿಸುತ್ತಿದ್ದ ಕಾಲದಲ್ಲಿ, ಏಳುಬಾವಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಬದುಕಿದ್ದವರು ಓಡಾಡುತ್ತಿದ್ದರು, ಸತ್ತವರು ಸುಮ್ಮನೆ ಮಲಗಿರುತ್ತಿದ್ದರು. ಹೀಗೆ ಎಲ್ಲವೂ ಸರಿಯಾಗಿದ್ದಾಗ ಬೂದಿಗಣ್ಣ ಎಂಬ ಮಾಂತ್ರಿಕ ಬಂದು ಮಾತಿನಗುಡ್ಡ ಸೇರಿಕೊಂಡ. ಅವನಿಗೆ ಸಾವಿರ ವರ್ಷ ಬದುಕುವ ಆಸೆ. ಜನರ ಜೀವಗಳನ್ನು ಎಳೆದು ಎಳೆದು ಸೋರೆಬುರುಡೆಗಳಲ್ಲಿ ತುಂಬಿಡತೊಡಗಿದ. ಒಂದು ಬುರುಡೆ ತುಂಬಿದರೆ ಅವನಿಗೆ ಒಂದು ವರ್ಷ ಆಯುಸ್ಸು ಹೆಚ್ಚುತ್ತಿತ್ತು.

ಜೀವ ಹೋದ ಮೈಗಳು ನೆಲಕ್ಕೆ ಬೀಳಲಿಲ್ಲ. ಬಾಯಿ ತೆರೆದುಕೊಂಡು, ಕೈ ಚಾಚಿಕೊಂಡು ಬೀದಿಯಲ್ಲಿ ನಡೆದವು, ಕಂಡಕಂಡವರನ್ನು ಕಚ್ಚಿದವು. ಕಚ್ಚಿಸಿಕೊಂಡವರ ಜೀವವೂ ಗುಡ್ಡಕ್ಕೆ ಹಾರಿಹೋಗಿ ಅವರೂ ನಡೆಹೆಣಗಳಾದರು. ದಿವಾನರಂತೂ ಅರ್ಜಿ ಹಿಡಿದು ಬಂದವರನ್ನೆಲ್ಲ ಕಚ್ಚಿದರು. ಅವರಿಗೆ ಏನೋ ಆಗಿದೆಯೆಂದು ಗೊತ್ತಾಗಲು ಜನಕ್ಕೆ ನಾಲ್ಕು ದಿನ ಬೇಕಾಯಿತು. ಕೊನೆಗೆ ಉಳಿದವರು ಅರಮನೆಯ ಉಗ್ರಾಣದಲ್ಲಿ ಅಗಳಿ ಹಾಕಿಕೊಂಡು ಕೂತ ನಲವತ್ತು ಮಂದಿ ಮಾತ್ರ.

ಅವರಲ್ಲಿ ಕೌದಿ ಹೊಲಿಯುವ ನಿಂಬೆವ್ವನೂ ಒಬ್ಬಳು. ಅವಳ ಗಂಡನ ಹೆಸರು ಯಮನಪ್ಪ. ಹೆಸರು ಯಮನದಾದರೂ ಯಮನ ಕೈಗೆ ಸಿಗದೆ ಅವನೂ ನಡೆಹೆಣವಾಗಿದ್ದ. ನಿಂಬೆವ್ವ ಅವನನ್ನು ಮನೆಯ ಕಂಬಕ್ಕೆ ಹಗ್ಗದಿಂದ ಏಳು ಸುತ್ತು ಕಟ್ಟಿಹಾಕಿದ್ದಳು. ದಿನಾ ಮಧ್ಯಾಹ್ನ ಏಳು ಪದರದ ಕೌದಿ ಹೊದ್ದು ಹೊರಗೆ ಬೀಳುವಳು. ಆ ಕೌದಿ ದಾಟಿ ಒಳಗೆ ಹೋಗುವ ಹಲ್ಲು ಆ ರಾಜ್ಯದಲ್ಲಿ ಇರಲಿಲ್ಲ. ಗಂಡನ ತಲೆ ಬಾಚಿ, ನೊಣ ಓಡಿಸಿ, ಕಚ್ಚಲು ಬಂದರೆ ನಾಲ್ಕು ಬೈದು ತಿರುಗಿ ಬರುವಳು. ಉಗ್ರಾಣಕ್ಕೆ ಬಂದ ಮೇಲೆ ಮೂಲೆಯಲ್ಲಿ ಕೂತು ಅಳುವಳು.

ಒಂದು ದಿನ ಅರಮನೆಯ ವೈದ್ಯರು ಓಲೆಗರಿ ಬಿಚ್ಚಿ ಓದಿ ಹೇಳಿದರು: ಮೈಬಿಟ್ಟ ಜೀವ ಇಪ್ಪತ್ತೊಂದು ದಿನದೊಳಗೆ ತಿರುಗಿ ಬಂದರೆ ಮೈ ಸೇರುತ್ತದೆ, ಆಮೇಲೆ ಯಾವ ಮದ್ದೂ ಇಲ್ಲ. ಜೀವಗಳಿರುವುದು ಮಾತಿನಗುಡ್ಡದ ಗುಹೆಯಲ್ಲಿ, ದಾರಿ ಮೂರು ದಿನದ್ದು. ಎಲ್ಲರಿಗಿಂತ ಮೊದಲು ಜೀವ ಕಳೆದುಕೊಂಡಿದ್ದ ಯಮನಪ್ಪನಿಗೆ ಅಂದು ಹದಿನೆಂಟನೆಯ ದಿನ. ಹೋಗಿಬಂದವರಿಗೆ ಅರ್ಧ ರಾಜ್ಯ ಕೊಡುತ್ತೇನೆಂದರು ಮಹಾರಾಜರು. ಎಲ್ಲರೂ ತಮ್ಮ ತಮ್ಮ ಹೆಬ್ಬೆರಳು ನೋಡಿಕೊಂಡರು.

ನಿಂಬೆವ್ವ ಸೂಜಿ ದಾರ ಸೆರಗಿಗೆ ಕಟ್ಟಿಕೊಂಡು ಎದ್ದಳು. "ಅರ್ಧ ರಾಜ್ಯ ಬ್ಯಾಡ್ರಿ, ಮಹಾರಾಜರ. ನನ್ನ ಗಂಡ ನನಗ ಪೂರ್ತಿ ಸಿಕ್ಕರ ಸಾಕು."

ಇದನ್ನು ಕೇಳಿ ನಾಚಿಕೆಯಾಗಿ ಯುವರಾಜನೂ ಎದ್ದ. ಯುವರಾಜನಿಗೆ ನಲವತ್ತು ವರ್ಷವಾಗಿತ್ತು. ಮಹಾರಾಜರು ಗಟ್ಟಿಮುಟ್ಟಾಗಿದ್ದುದರಿಂದ ಪಾಪ, ಇನ್ನೂ ಯುವರಾಜನಾಗಿಯೇ ಉಳಿದಿದ್ದ. ಮರುದಿನ ಬೆಳಗಾಗುತ್ತಲೇ ಇಬ್ಬರೂ ಒಂದೇ ಕೌದಿ ಹೊದ್ದು, ನಡೆಹೆಣಗಳ ನಡುವೆ ತೂರಿಕೊಂಡು ಊರು ದಾಟಿದರು.

ಮೊದಲನೆಯ ದಿನ ಗುಡ್ಡದ ಬುಡದಲ್ಲಿ ಗಾಡಿಯಷ್ಟು ದೊಡ್ಡ ಮುಳ್ಳುಹಂದಿ ಅಡ್ಡ ನಿಂತಿತು. ಯುವರಾಜ ಕತ್ತಿ ಎಳೆದ. ಕತ್ತಿ ಒರೆಯಿಂದ ಬರಲಿಲ್ಲ. ನಿಂಬೆವ್ವ ನೋಡಿದಳು, ಪ್ರಾಣಿಯ ಕಿವಿ ಹರಿದು ಜೋತಾಡುತ್ತಿತ್ತು. ಹತ್ತಿರ ಕೂತು, ಮಾತಾಡಿಸುತ್ತ, ಹನ್ನೆರಡು ಹೊಲಿಗೆ ಹಾಕಿದಳು. ಮುಳ್ಳುಹಂದಿ ದಾರಿ ಬಿಟ್ಟಿತು. ಅವಳು "ಹೋಗಿ ಬರ್ತೀನಪಾ" ಎಂದಳು. ಅದು "ಬಾ" ಎಂದಿತು.

ಎರಡನೆಯ ದಿನ ನಡುಗುಡ್ಡದಲ್ಲಿ ಎರಡು ತಲೆಯ ರಣಹದ್ದು ಅಡ್ಡ ಕೂತಿತ್ತು. ಯುವರಾಜ ಕತ್ತಿ ಎಳೆದ. ಕತ್ತಿ ಬರಲಿಲ್ಲ, ಸೊಂಟದ ಪಟ್ಟಿ ಕಿತ್ತು ಬಂತು. ಹದ್ದಿನ ರೆಕ್ಕೆಯಲ್ಲಿ ತೂತು ಬಿದ್ದಿತ್ತು. ನಿಂಬೆವ್ವ ತನ್ನ ಸೆರಗು ಹರಿದು ತೇಪೆ ಹಾಕಿದಳು. ಹದ್ದಿನ ಎರಡೂ ತಲೆಗಳು ತೇಪೆಯ ಬಣ್ಣ ನೋಡಿ ಮೆಚ್ಚಿದವು. ಅವಳು "ಹೋಗಿ ಬರ್ತೀನವಾ" ಎಂದಳು. ಅವು "ಬಾ, ಬಾ" ಎಂದವು.

ಮೂರನೆಯ ದಿನ ಗುಹೆಯ ಬಾಗಿಲ ಮುಂದಿನ ಮಡುವಿನಲ್ಲಿ ಮುದಿ ಮೊಸಳೆಯೊಂದು ಬಾಯಿ ತೆರೆಯಿತು. ಯುವರಾಜ ಕತ್ತಿಯ ತಂಟೆಗೇ ಹೋಗಲಿಲ್ಲ. ಮೊಸಳೆ ಹೆದರಿಸಲು ನೋಡಿತು, ಆದರೆ ಚಳಿಗೆ ಅದರ ಹಲ್ಲು ಕಟಕಟ ಎನ್ನುತ್ತಿದ್ದವು. ನಿಂಬೆವ್ವನಿಗೆ ತಡೆಯಲಾಗಲಿಲ್ಲ. ಇನ್ನು ತನ್ನನ್ನು ಕಾಯುವುದು ಏನೂ ಉಳಿಯುವುದಿಲ್ಲವೆಂದು ಗೊತ್ತಿದ್ದರೂ ಏಳು ಪದರದ ಕೌದಿಯನ್ನು ಮೊಸಳೆಗೆ ಹೊದಿಸಿದಳು. "ಹೋಗಿ ಬರ್ತೀನಜ್ಜಾ" ಎಂದಳು. "ಬಾರವ್ವಾ, ಕಾಯ್ತೀನಿ" ಎಂದಿತು ಅದು.

ಗುಹೆಯ ಒಳಗೆ ನೂರಾರು ಸೋರೆಬುರುಡೆಗಳು ತೂಗುತ್ತಿದ್ದವು. ಒಂದೊಂದರಲ್ಲೂ ಒಂದೊಂದು ಜೀವ ಮಿಣಮಿಣ ಹೊಳೆಯುತ್ತಿತ್ತು. ನಡುವೆ ಕೂತಿದ್ದ ಬೂದಿಗಣ್ಣ ಅವರನ್ನು ಕಂಡು ನಕ್ಕು ಚಪ್ಪಾಳೆ ತಟ್ಟಿದ. ಬಂಡೆಯ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಇನ್ನೂ ಎರಡು ವರ್ಷ ಹೆಚ್ಚಾಯಿತು ಎನ್ನುತ್ತ ಅವನು ಎರಡು ಖಾಲಿ ಬುರುಡೆ ಎತ್ತಿಕೊಂಡ.

ಅಷ್ಟರಲ್ಲಿ ಮುಚ್ಚಿದ ಬಂಡೆ ತಾನಾಗಿಯೇ ಸರಿದು ತೆರೆದುಕೊಂಡಿತು. ಮಾಂತ್ರಿಕ ಬೆಚ್ಚಿಬಿದ್ದ. ಗುಡ್ಡ ಬಿಟ್ಟು ಹೋಗುವುದಿಲ್ಲವೆಂದು ಕಾವಲಿನ ಪ್ರಾಣಿಗಳು ತನಗೆ ಕೊಟ್ಟ ಮಾತಿಗೆ ತಪ್ಪಬಾರದೆಂದು ಅವನೇ ಆ ಗುಡ್ಡಕ್ಕೊಂದು ಕಟ್ಟು ಹಾಕಿದ್ದ: ಅಲ್ಲಿ ಕೊಟ್ಟ ಮಾತಾಗಲಿ, ಅಲ್ಲಿ ನೆನಪಿಗೆ ತಂದ ಮಾತಾಗಲಿ ನಡೆದೇ ತೀರಬೇಕು. ಯಾರ ಮಾತು ಎಂದು ಹೇಳುವುದನ್ನು ಮಾತ್ರ ಮರೆತಿದ್ದ. "ಯಾರಿಗೆ ಬರ್ತೀನಿ ಅಂದು ಬಂದೀ ನೀ?" ಎಂದು ಅವನು ಚೀರಿದ.

ನಿಂಬೆವ್ವ ಮೂರು ಪ್ರಾಣಿಗಳನ್ನು ನೆನೆದಳು. ಬರ್ತೀನಿ ಎಂದ ಮಾತೇ ಬಾಗಿಲು ತೆರೆಸಿತೆಂದು ಅವಳಿಗೆ ಅರ್ಥವಾಯಿತು. ಬುರುಡೆಗಳ ಕಡೆ ತಿರುಗಿ ಗಟ್ಟಿಯಾಗಿ ಕೇಳಿದಳು: "ಊರ ಮಂದೆಲ್ಲಾ ಕೇಳ್ರಿ. ಮನಿ ಬಿಡುವಾಗ ಏನಂತ ಹೇಳಿ ಬಿಟ್ಟೀರಿ?"

"ಹೋಗಿ ಬರ್ತೀವಿ ಅಂದೀವಿ" ಎಂದವು ಬುರುಡೆಗಳು. ಹಾಗೆನ್ನದೆ ಹೊಸ್ತಿಲು ದಾಟುವವರು ಏಳುಬಾವಿಯಲ್ಲಿ ಯಾರಿದ್ದರು? ಬಾಣಲೆಯಲ್ಲಿ ಅರಳು ಸಿಡಿದಂತೆ ಬುರುಡೆಗಳು ಪಟಪಟ ಒಡೆದವು. ಜೀವಗಳು ಸಾಲುಗಟ್ಟಿ ಊರ ಕಡೆ ಹಾರಿದವು.

ಒಂದೇ ಒಂದು ಬುರುಡೆ ಒಡೆಯದೆ ಉಳಿಯಿತು. ಅದು ಯಮನಪ್ಪನದು.

ನಿಂಬೆವ್ವನಿಗೆ ಕಾರಣ ನೆನಪಾಯಿತು. ಅವನು ನಡೆಹೆಣವಾದ ದಿನ ಬೆಳಿಗ್ಗೆ ಗಂಡಹೆಂಡಿರಿಗೆ ಜಗಳವಾಗಿತ್ತು. ಸಾರು ಸಪ್ಪೆ ಎಂದು ಅವನು, ಉಪ್ಪು ಮುಗಿದು ಎರಡು ದಿನವಾಯಿತು ಎಂದು ಇವಳು. ಸಿಟ್ಟಿನಲ್ಲಿ ಅವನು "ನಾ ಹೊಂಟೆ" ಎಂದಷ್ಟೇ ಹೇಳಿ ಹೋಗಿದ್ದ. ಬರ್ತೀನಿ ಎಂದಿರಲಿಲ್ಲ.

"ಇವನೊಬ್ಬ ನನ್ನವ" ಎಂದು ಬೂದಿಗಣ್ಣ ಬುರುಡೆಯನ್ನು ಅವುಚಿಕೊಂಡ. ಅಂದು ಇಪ್ಪತ್ತೊಂದನೆಯ ದಿನ, ಹೊತ್ತು ಇಳಿಯುತ್ತಿತ್ತು. ನಿಂಬೆವ್ವ ಅಳುತ್ತಲೇ ಆ ಬೆಳಗಿನ ಒಂದೊಂದು ಮಾತನ್ನೂ ನೆನಪು ಮಾಡಿಕೊಂಡಳು. ಅವನು ಅಂಗಳ ದಾಟುವಾಗ ತಾನು ಹಿಂದಿನಿಂದ ಕೂಗಿ ಏನೋ ಹೇಳಿದ್ದೆನಲ್ಲ? ತಟ್ಟನೆ ಕಣ್ಣೊರೆಸಿಕೊಂಡಳು.

"ಏನ್ರೀ, ಇಲ್ಲಿ ಕೇಳ್ರಿ. ಬರುವಾಗ ಉಪ್ಪು ತಗೊಂಡ ಬರ್ರಿ ಅಂದಾಗ ನೀವು ಹೂಂ ಅಂದ್ರಿಲ್ಲೋ?"

ಬುರುಡೆ ಮಾಂತ್ರಿಕನ ಕೈಯಲ್ಲೇ ಮುಖ ತಿರುಗಿಸಿದಂತೆ ಅತ್ತ ತಿರುಗಿತು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲವೆಂದು ಕಾಣುತ್ತದೆ. ಆಮೇಲೆ ಒಳಗಿನಿಂದ ಗೊಗ್ಗರು ದನಿ ಬಂತು: "ಹೂಂ."

ಪಟ್ ಎಂದು ಬುರುಡೆ ಒಡೆಯಿತು.

ಬೂದಿಗಣ್ಣ ಹಲ್ಲು ಕಡಿದ. ಆಗ ಯುವರಾಜ, ಕತ್ತಿಯಿಲ್ಲದೆಯೇ, ಜನ್ಮದಲ್ಲಿ ಮೊದಲ ಸಲ ಒಂದು ಜಾಣ ಮಾತು ಆಡಿದ: "ಅಲ್ಲಯ್ಯಾ, ನೀನು ಮನೆ ಬಿಡುವಾಗ ನಿಮ್ಮವ್ವನಿಗೆ ಏನೆಂದು ಹೇಳಿ ಬಂದೆ?" ಮಾಂತ್ರಿಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಆದರೆ ಕಾಲುಗಳು ಆಗಲೇ ಹೊರಟಿದ್ದವು. ಗುಹೆ ದಾಟಿ, ಗುಡ್ಡ ಇಳಿದು, ಏಳು ಹೊಳೆ ಹಾಯ್ದು ಅವು ಅವನನ್ನು ತಾಯಿಯ ಮನೆಗೇ ಒಯ್ದವು. ನಲವತ್ತು ವರ್ಷದಿಂದ ದಾರಿ ಕಾಯುತ್ತಿದ್ದ ಆ ಮುದುಕಿ ಮೊದಲು ಅವನ ಕಿವಿ ಹಿಂಡಿದಳು, ಆಮೇಲೆ ರೊಟ್ಟಿ ಹಾಕಿದಳು. ಮರುದಿನದಿಂದ ಅವನು ಆಡು ಕಾಯುತ್ತಿದ್ದಾನೆ.

ನಿಂಬೆವ್ವ ಕೊಟ್ಟ ಮಾತಿನಂತೆ ಮೂರು ಪ್ರಾಣಿಗಳನ್ನೂ ಮಾತಾಡಿಸಿಕೊಂಡು ಊರಿಗೆ ಬಂದಳು. ಊರೆಲ್ಲ ಹಬ್ಬವಾಗಿತ್ತು. ದಿವಾನರು ಮನೆಮನೆಗೆ ಹೋಗಿ ಕಚ್ಚಿದ್ದಕ್ಕೆ ಕ್ಷಮೆ ಕೇಳುತ್ತಿದ್ದರು. ಅವಳು ಯಾರ ಜೊತೆಗೂ ನಿಲ್ಲದೆ ಮನೆಗೆ ಓಡಿದಳು. ಕಂಬದ ಬಳಿ ಹರಿದ ಹಗ್ಗವಷ್ಟೇ ಬಿದ್ದಿತ್ತು, ಯಮನಪ್ಪ ಇರಲಿಲ್ಲ. ಹಿತ್ತಲಲ್ಲಿಯೂ ಇರಲಿಲ್ಲ. ಅವಳು ಹರಿದ ಹಗ್ಗ ಕೈಯಲ್ಲಿ ಹಿಡಿದು ಬಂದಳು. ಹೊಸ್ತಿಲ ಮೇಲೆ ಬೀದಿ ನೋಡುತ್ತ ಕೂತಳು.

ಸಂಜೆಯಾಗುತ್ತ ಬಂದಾಗ ಬೀದಿಯ ತುದಿಯಲ್ಲಿ ಯಮನಪ್ಪ ಕಾಣಿಸಿದ. ಕಾಲು ತುಂಬ ಧೂಳು, ಹೆಗಲ ಮೇಲೊಂದು ಗಂಟು.

"ನಮ್ಮೂರ ಅಂಗಡಿ ಮುಚ್ಚಿತ್ತು. ಮೂರು ಊರು ತಿರುಗಿದೆ" ಎಂದು ಅವನು ಉಪ್ಪಿನ ಗಂಟನ್ನು ಅವಳ ಮಡಿಲಲ್ಲಿ ಇಟ್ಟ.

ನಿಂಬೆವ್ವ ಬೈಯಬೇಕೆಂದುಕೊಂಡಿದ್ದ ಮಾತೆಲ್ಲ ಮರೆತು ಅತ್ತಳು, ಅಳುತ್ತಲೇ ನಕ್ಕಳು. ಅಂದು ಸಾರಿಗೆ ಉಪ್ಪು ಎರಡು ಸಲ ಬಿತ್ತು. ಯಮನಪ್ಪ ಚಕಾರವೆತ್ತದೆ ಮೂರು ಸಲ ಹಾಕಿಸಿಕೊಂಡು ಉಂಡ. ಅವರಿಬ್ಬರೂ, ಆ ಊರೂ, ಆಮೇಲೆ ಬಹುಕಾಲ ಸುಖವಾಗಿದ್ದರು.