ಪಾಚಿ ಕೆರೆಯಲ್ಲಿ ಹಿಡಿದ ಕೈ

ಛೀ!

ಗುರುಶಾಂತನನ್ನು ಮೊದಲ ಸಲ ಕಂಡಾಗ ನನ್ನ ಬಾಯಿಂದ ಬಂದದ್ದು ಇದೇ ಮಾತು. ತಲೆಯ ಮೇಲೆ ಒಂದು ಹಿಡಿ ಪಾಚಿ ಕೂತಿತ್ತು, ಮೂಗಿನಿಂದ ಹಸಿರು ನೀರು ಸೋರುತ್ತಿತ್ತು. ಆದರೂ ಆಸಾಮಿ ಹಲ್ಲು ಕಿಸಿಯುತ್ತಿದ್ದ.

"ನೀರು ಹ್ಯಾಂಗ ಅದಾವ್ರಿ?" ಎಂದು ಕೇಳಿದೆ.

"ಎಮ್ಮಿ ಮೈ ತೊಳದ ನೀರು ಹ್ಯಾಂಗ ಇರ್ತಾವ, ಹಾಂಗೇ ಅದಾವ್ರಿ. ರುಚಿ ನೋಡ್ತೀರೇನು?"

ಬಸವಕಲ್ಯಾಣದ ಹೊರಗಿನ ಆ ಕೆರೆಯನ್ನು ನೆನೆಸಿಕೊಂಡರೆ ಈಗಲೂ ಮೂಗು ಮುಚ್ಚಿಕೊಳ್ಳುತ್ತೇನೆ. ಒಂದು ಕಡೆ ಎಮ್ಮೆಗಳು, ಇನ್ನೊಂದು ಕಡೆ ಕೊಳೆತ ಅಂತರಗಂಗೆ, ನಡುವೆ ಕೆನೆಗಟ್ಟಿದ ಹಸಿರು ನೀರು. 2007ರ ಚಳಿಗಾಲದಲ್ಲಿ ಆ ನೀರಿನಲ್ಲೇ ನಮಗೆ ಸಮುದ್ರದ ಕಯಾಕ್ ನಡೆಸುವ ಶಿಬಿರ ನಡೆಯಿತು. ಕಾರವಾರದ ಅನುರಾಧಾ ಮೇಡಂ ಸೌತೆಕಾಯಿಯಂಥ ಉದ್ದುದ್ದ ದೋಣಿಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದಿದ್ದರು. ಕೊನೆಯ ಅಸೆಸ್‌ಮೆಂಟಿನಲ್ಲಿ ಪಾಸಾದವರಿಗೆ ಕಾರವಾರದಲ್ಲಿ ಮುಂದಿನ ತರಬೇತಿ, ಆಮೇಲೆ ಅಲ್ಲೇ ಕೆಲಸ.

ನನಗೆ ಆ ಕೆಲಸ ಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ ಆ ಸಮುದ್ರ ಬೇಕಾಗಿತ್ತು.

ನಾನು ವಿಶಾಖಾ. ಹುಮನಾಬಾದ್ ಕಡೆಯ ಹಳ್ಳಿಯ ಕೂಲಿಕಾರ ನರಸಿಂಗನ ಮಗಳು. ಊರ ದೊಡ್ಡವರ ಬಾವಿಗೆ ನಾವು ಇಳಿಯುವಂತಿರಲಿಲ್ಲ, ಅದಕ್ಕೆ ಅಪ್ಪ ನನಗೆ ಕಲ್ಲಿನ ಖಣಿಯ ಹೊಂಡದಲ್ಲಿ ಈಜು ಕಲಿಸಿದ. ನಮ್ಮನ್ನು ಕಂಡು ಮೂಗು ಮುರಿಯುವವರನ್ನು ಚಿಕ್ಕಂದಿನಿಂದ ನೋಡಿದ್ದೆ. ಹಾಗಾಗಿ ಅವರಿಗಿಂತ ಮೊದಲು ನಾನೇ ಮೂಗು ಮುರಿಯುವುದನ್ನು ಕಲಿತುಬಿಟ್ಟೆ. ಯಾರದಾದರೂ ಎಣ್ಣೆ ಹಚ್ಚಿದ ತಲೆ, ಯಾರದಾದರೂ ಊಟದ ಸದ್ದು, ಯಾವುದನ್ನು ಕಂಡರೂ ನನಗೆ ಅಸಹ್ಯ.

ಗುರುಶಾಂತ ಬಸವಕಲ್ಯಾಣದ ಬಟ್ಟೆ ಅಂಗಡಿಯ ಹುಡುಗ. ಅಂಗಡಿ ಬಿಟ್ಟು ಸಮುದ್ರಕ್ಕೆ ಹೋಗಲು ಅವನ ಕಾಕಾ ನಾಗನಾಥಪ್ಪ ಬಿಡುವಂತಿರಲಿಲ್ಲ, ಹಾಗಾಗಿ ಅವನಿಗೆ ಪರೀಕ್ಷೆಯ ಗೊಡವೆ ಇರಲಿಲ್ಲ. ಮೇಡಂ ಅವನಿಗೆ ಮುಳುಗುವ ಕೆಲಸ ಕೊಟ್ಟರು. ದೋಣಿ ಮಗುಚಿಕೊಂಡು, ಗಾಬರಿ ಬಿದ್ದವರ ಹಾಗೆ ಅವನು ಒದ್ದಾಡಬೇಕು. ನಾವು ನಮ್ಮ ಕಯಾಕಿನಲ್ಲಿ ಹೋಗಿ ಕಾಪಾಡಬೇಕು.

"ಗಾಬರಿ ಬಿದ್ದವನು ನಿಮ್ಮನ್ನೇ ಹತ್ತಲು ನೋಡ್ತಾನೆ" ಎನ್ನುತ್ತಿದ್ದರು ಮೇಡಂ. "ಮೊದಲು ದೂರದಿಂದ ಮಾತಾಡಿಸಿ. ಅವನ ದೋಣಿಯನ್ನೇ ತಬ್ಬಿಕೊಳ್ಳೋಕೆ ಹೇಳಿ. ಆಮೇಲೆ ನಿಮ್ಮ ದೋಣಿ ಅದರ ಪಕ್ಕಕ್ಕೆ ತಂದು ಅದರ ಮೇಲೆ ಭಾರ ಹಾಕಿ. ಎರಡು ದೋಣಿ ಜೋಡಿಯಾದರೆ ಮಗುಚೋದು ಕಷ್ಟ."

ಮುಳುಗುವುದರಲ್ಲಿ ಗುರುಶಾಂತ ಭಲೇ ನಟ. ಶಿಬಿರದ ಇನ್ನೊಬ್ಬ ಹುಡುಗ ಕುನಾಲ ಕಾಪಾಡಲು ಹೋದರೆ "ಯವ್ವಾ, ಸತ್ತೆ!" ಎಂದು ಕೆರೆ ಏರಿಯ ತನಕ ಕೇಳುವಂತೆ ಕೂಗಿ, ಕುನಾಲನ ಕೊರಳಿಗೇ ಜೋತು ಬೀಳುತ್ತಿದ್ದ. ಇಬ್ಬರೂ ದಬಕ್ಕೆಂದು ಪಾಚಿಯೊಳಗೆ. ನಕ್ಕು ನಕ್ಕು ನಮಗೆ ಹೊಟ್ಟೆನೋವು.

ಆದರೆ ನಾನು ಹೋದಾಗ ಮಾತ್ರ ಅವನ ಗಾಬರಿ ಮಾಯ. ನನ್ನ ದೋಣಿಯ ಮೂತಿಗೆ ಎರಡು ಬೆರಳು ಮುಟ್ಟಿಸಿ, ಇನ್ನೊಂದು ಕಪ್ ಚಹಾ ಕೇಳುವವನ ಹಾಗೆ "ಕಾಪಾಡ್ರಿ" ಎನ್ನುತ್ತಿದ್ದ.

"ಕೈ ಹಿಡೀರಿ. ಜಗ್ಗಾಡ್ರಿ" ಎಂದೆ ಒಮ್ಮೆ.

"ಬ್ಯಾಡ್ರಿ. ಇಷ್ಟ ಸಾಕು."

ಹಾಗೆನ್ನುವಾಗ ಅವನ ಕಣ್ಣು ನನ್ನ ಮುಖದ ಮೇಲೇ ಇರುತ್ತಿತ್ತು. ರೆಪ್ಪೆಯ ಮೇಲೆ ನೀರಿನ ಹನಿ ನಿಂತಿರುತ್ತಿತ್ತು. ನಾನು ನೋಡಿದೊಡನೆ ನೋಟ ಎಮ್ಮೆಗಳ ಕಡೆ ತಿರುಗುತ್ತಿತ್ತು, ಏನೋ ಅವುಗಳನ್ನೇ ಪ್ರೀತಿಸುತ್ತಿರುವವನ ಹಾಗೆ. ದಿನಾ ಕಾಗದದಲ್ಲಿ ಬಿಸಿ ಭಜಿ ಕಟ್ಟಿಸಿಕೊಂಡು ಬಂದು ನನ್ನ ಪಕ್ಕದ ಕಲ್ಲಿನ ಮೇಲಿಟ್ಟು ಹೋಗುತ್ತಿದ್ದ. ಎಣ್ಣೆ ಸೋರುವ ಆ ಕಾಗದ ನೋಡಿ ಹೇಸಿದೆ. ಭಜಿ ಮಾತ್ರ ಒಂದೂ ಬಿಡದೆ ತಿಂದೆ.

ಒಂದು ಸಂಜೆ ಅವನ ಕಾಕಾ ಸ್ಕೂಟರ್ ಮೇಲೆ ಏರಿಗೆ ಬಂದರು. ಬಿಳಿ ಧೋತರ, ಮೂಗಿಗೆ ಕರವಸ್ತ್ರ. ನನ್ನನ್ನು ಮೇಲಿಂದ ಕೆಳಗೆ ನೋಡಿ ಅವರು ಕೂಗಿದರು: "ಗುರು, ಮನಿಗಿ ಬಂದ ಮ್ಯಾಲ ಮೊದಲ ಸ್ನಾನ ಮಾಡು. ಎಂಥೆಂಥವ್ರನ್ನ ಮುಟ್ಟೀಯೋ ಏನೋ!"

ಗುರುಶಾಂತ ತಲೆ ತಗ್ಗಿಸಿದ.

ಅವನು ನನ್ನ ಕೈ ಯಾಕೆ ಹಿಡಿಯುವುದಿಲ್ಲ ಎಂಬುದಕ್ಕೆ ನನಗೆ ಆಗ ಉತ್ತರ ಸಿಕ್ಕಿತು. ಹುಮನಾಬಾದ್ ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿ ಕೂತೆ. ಕೆರೆಯ ವಾಸನೆ ಮೈಮೇಲೇ ಇತ್ತು, ಆದರೆ ನನ್ನ ಹೇಸಿಕೆ ಆ ವಾಸನೆಗಲ್ಲ. ಅವನ ಭಜಿ ತಿಂದೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು. ಮರುದಿನದಿಂದ ಕಾಗದದ ಪೊಟ್ಟಣ ಕಲ್ಲಿನ ಮೇಲೇ ತಣ್ಣಗಾಯಿತು.

ಅಸೆಸ್‌ಮೆಂಟಿನ ದಿನ ಏರಿಯ ತುಂಬ ಜನ. ನಾಗನಾಥಪ್ಪನೂ ಬಂದಿದ್ದರು. ಕುನಾಲ ಪಾಸಾದ. ನನ್ನ ಸರದಿ ಬಂತು. ನಡು ಕೆರೆಯಲ್ಲಿ ಗುರುಶಾಂತ ದೋಣಿ ಮಗುಚಿಕೊಂಡು ನೀರಿಗೆ ಬಿದ್ದ.

ಕೂಗಲಿಲ್ಲ. ಸುಮ್ಮನೆ ನನ್ನ ಕಡೆ ನೋಡುತ್ತಿದ್ದ, ಗದ್ದ ನೀರಿಗೆ ತಾಗಿಸಿಕೊಂಡು.

ನನಗೆ ರೇಗಿತು. ಹತ್ತಿರ ಹೋಗಿ, "ಚಿಂತಿ ಮಾಡಬ್ಯಾಡ್ರಿ, ನಾ ಮುಟ್ಟಂಗಿಲ್ಲ. ನಿಮ್ಮ ದೋಣಿ ನೀವೇ ಹಿಡ್ಕೋರಿ" ಎಂದೆ.

ಅವನ ದೋಣಿ ಆಗಲೇ ದೂರ ತೇಲಿ ಹೋಗಿತ್ತು. "ಏನಿಲ್ರಿ... ಆರಾಮ ಅದೀನ್ರಿ..." ಎಂದು ಬಾಯಿ ತೆರೆದಾಗ ಪಾಚಿ ನೀರು ಒಳಗೆ ಹೋಯಿತು. ಅವನು ಅದನ್ನು ಉಗುಳಲಿಲ್ಲ. ಲೈಫ್ ಜಾಕೆಟ್ ಕಿವಿಯ ತನಕ ಮೇಲೆ ಸರಿದಿತ್ತು, ಕೆಳಗಿನಿಂದ ಏನೋ ಅವನನ್ನು ಎಳೆಯುತ್ತಿತ್ತು. ನಟನೆ ಮಾಡುವಾಗ ಕೆರೆ ಎಬ್ಬಿಸುವ ಹುಡುಗ ಖರೇ ಮುಳುಗುವಾಗ ಅಂಗಡಿಗೆ ಬಂದ ಗಿರಾಕಿಗೆ ಹೇಳುವ ಹಾಗೆ "ಏನಿಲ್ರಿ" ಎನ್ನುತ್ತಿದ್ದ!

ಮೇಡಂ ಹೇಳಿದ್ದೆಲ್ಲ ಮರೆತು ನಾನು ಕೈ ಚಾಚಿದೆ. ಅವನು ಹಿಡಿದ. ಕೈ ಅಲ್ಲ, ನನ್ನ ಜಡೆ, ಕೊರಳು, ಕಿವಿ, ಸಿಕ್ಕಿದ್ದೆಲ್ಲ. ನನ್ನ ಕಯಾಕೂ ಮಗುಚಿತು.

ನೀರಿನೊಳಗೆ ಕತ್ತಲೆ. ತಡಕಾಡಿದರೆ ಅವನ ಕಾಲಿಗೆ ಯಾರೋ ಬಿಟ್ಟುಹೋದ ಮೀನಿನ ಬಲೆ ಸುತ್ತಿತ್ತು. ಅದರಲ್ಲಿ ಸತ್ತ ಮೀನು, ಕೊಳೆತ ಬೇರು, ಮೆತ್ತಗೆ ಕೈಗೆ ಹತ್ತುವ ಇನ್ನೇನೇನೋ. ಹಲ್ಲು ಕಚ್ಚಿ ಬಿಡಿಸಿದೆ. ಮೇಲೆ ಬಂದು ಅವನ ತೋಳುಗಳನ್ನು ನನ್ನ ಮಗುಚಿದ ದೋಣಿಯ ಮೇಲೆ ಹಾಕಿ, ಅವನ ಬೆನ್ನಿಗೆ ಒತ್ತಿಕೊಂಡು ತೇಲಿದೆ.

"ತಬ್ಬಿಕೋರಿ. ನಾ ಇಲ್ಲೇ ಅದೀನಿ. ಉಸಿರು ಬಿಡ್ರಿ."

ಉಸಿರು ಬಿಡಲಿಲ್ಲ, ವಾಂತಿ ಮಾಡಿದ. ಹಸಿರು ನೀರು, ಮುಂಜಾನೆ ತಿಂದ ಮಂಡಕ್ಕಿ ಸುಸಲಾ, ಎಲ್ಲವೂ ನನ್ನ ಹೆಗಲ ಮೇಲೆ. ನಾನು ಅಂಗೈಯಿಂದಲೇ ಅವನ ಬಾಯಿ ಒರೆಸಿದೆ. ಒರೆಸಿದ ಮೇಲೆ ಹೊಳೆಯಿತು, ನನಗೆ ಹೇಸಿಕೆಯೇ ಆಗಿರಲಿಲ್ಲ. ಇಡೀ ಲೋಕಕ್ಕೆ ಮೂಗು ಮುರಿಯುವ ನಾನು ಇವನ ವಾಂತಿಯನ್ನು ಬರಿಗೈಯಲ್ಲಿ ಒರೆಸುತ್ತಿದ್ದೆ. ಗಾಬರಿಯಾಯಿತು.

ದಡದ ಮೇಲೆ ಮೇಡಂ ಅವನಿಗೆ ಬಿಸಿ ಚಹಾ ಕುಡಿಸಿ, ಕಂಬಳಿ ಹೊದಿಸಿದರು. ನನಗೆ, "ಮಗುಚಿದವಳನ್ನು ಫೇಲ್ ಮಾಡಲೇಬೇಕು ವಿಶಾಖಾ. ಆದರೆ ಬಲೆ ಪರೀಕ್ಷೆಯೊಳಗೆ ಇರಲಿಲ್ಲ. ಸಂಜೆ ಬೇರೆ ಜಾಗದಲ್ಲಿ ಇನ್ನೊಂದು ಸಲ" ಎಂದು ಹೇಳಿ ಹೋದರು.

ಕಂಬಳಿಯೊಳಗಿಂದ ದನಿ ಬಂತು. "ನಿಮ್ಮ ದೋಣಿ ಮಗುಚಬಾರ್ದು ಅಂತ ಇಷ್ಟು ದಿನ ಕೈ ಹಿಡಿಲಿಲ್ರಿ. ನೀವು ಪಾಸ್ ಆಗಿ ಸಮುದ್ರಕ್ಕ ಹೋಗಬೇಕಿತ್ತು. ಕಡಿಗಿ ನಾನೇ ಮಗುಚಿದೆ."

"ಅಂದ್ರ ಮೈಲಿಗಿ ಅಂತ ಅಲ್ಲ?"

ಅವನು ಎದ್ದೇ ಕೂತ. "ಹಂಗ ತಿಳಕೊಂಡಿದ್ರೇನು?"

"ನಿಮ್ಮ ಕಾಕಾ ಅಂದಾಗ ನೀವು ಬಾಯಿ ಮುಚ್ಚಿಕೊಂಡು ನಿಂತ್ರಿ. ಮತ್ತೇನು ತಿಳ್ಕೋಬೇಕು?"

ಅವನು ಚಹಾದ ಲೋಟ ಕೆಳಗಿಟ್ಟ. "ಅಂಜಿದೆ" ಎಂದ. "ತಪ್ಪಾಯ್ತು."

"ನನಗ ಪುಕ್ಕಟೆ ಪಾಸ್ ಮಾಡಸೋರೂ ಬ್ಯಾಡ, ಅಂಜೋರೂ ಬ್ಯಾಡ" ಎಂದೆ. "ಇವತ್ತು ಸಂಜಿಗಿ ಕುನಾಲ ಮುಳಗ್ತಾನ. ನೀವು ಮಲಕೋರಿ."

"ಕುನಾಲಗ ಮುಳಗ್ಲಿಕ್ಕ ಬರಂಗಿಲ್ರಿ. ನಾನೇ ಮುಳಗ್ತೀನಿ" ಎಂದ. ಮೇಡಂ ಅವನ ನಾಡಿ ನೋಡಿ, ಜಾಕೆಟ್ಟಿನ ಪಟ್ಟಿ ತಾವೇ ಬಿಗಿದು, ಒಪ್ಪಿದರು.

ಸಂಜೆ ದಡದ ಹತ್ತಿರದ ನೀರಿನಲ್ಲಿ ಗುರುಶಾಂತ ಕೂಗಿದ ಕೂಗಿಗೆ ಎಮ್ಮೆಗಳು ಎದ್ದು ಓಡಿದವು. ದೂರ ನಿಂತು ಮಾತಾಡಿಸಿದೆ. ದೋಣಿ ತಬ್ಬಿಸಿದೆ. ಪಕ್ಕಕ್ಕೆ ಹೋದೊಡನೆ ಅವನು ನನ್ನ ಮಣಿಕಟ್ಟು ಹಿಡಿದು ಎಳೆದ, ಈ ಸಲ ಒಂದಿಷ್ಟೂ ದಯೆ ಇಲ್ಲದೆ. ನಾನು ಅವನ ದೋಣಿಯ ಮೇಲೆ ಭಾರ ಹಾಕಿದೆ. ಎರಡೂ ದೋಣಿ ಅಲುಗಾಡಿ ನಿಂತವು. ಅವನ ದೋಣಿಯನ್ನು ನೆಟ್ಟಗೆ ಮಾಡಿ, ಅವನನ್ನು ಒಳಗೆ ಹತ್ತಿಸಿದೆ. ಮೇಡಂ ಸೀಟಿ ಊದಿದರು. ನಾನು ಪಾಸು.

ಸೀಟಿ ನಿಂತ ಮೇಲೂ ಅವನು ಮಣಿಕಟ್ಟು ಬಿಡಲಿಲ್ಲ.

ಏರಿಯ ಮೇಲಿನ ಜನ ಗುಸುಗುಸು ಶುರು ಮಾಡಿದರು. ನಾಗನಾಥಪ್ಪನ ಮುಖ ನೋಡಿದೆ. ನನಗೆ ಚೆನ್ನಾಗಿ ಗುರುತಿರುವ ಮುಖ ಅದು. ಗುರುಶಾಂತನೂ ನೋಡಿದ.

"ಗುರು! ಪರೀಕ್ಷಾ ಮುಗೀತಲ್ಲ, ಕೈ ಬಿಡೋ!"

ಗುರುಶಾಂತ ತಲೆ ಎತ್ತಿದ. ಇಡೀ ಏರಿಗೆ ಕೇಳುವಂತೆ ಕೂಗಿದ:

"ನನಗ ಇನ್ನೂ ಗಾಬರಿ ಅದ ಕಾಕಾ. ಬಿಟ್ರ ಮುಳಗ್ತೀನಿ!"

ಅವನ ಕಿವಿಯಿಂದ ಪಾಚಿ ಜೋತಾಡುತ್ತಿತ್ತು. ನಾನು ಇನ್ನೊಂದು ಕೈಯಿಂದ ಅದನ್ನು ತೆಗೆದು ಬಿಸಾಡಿ, "ಛೀ" ಎಂದೆ. ಹಾಗೆಂದು ಅವನ ಬೆರಳುಗಳ ಮೇಲೆ ನನ್ನ ಬೆರಳು ಬಿಗಿದೆ.