ಕರಿಮಹಲಿಗೆ ಹೋದ ಹಾಲವ್ವ

ಬಹಳ ಬಹಳ ಹಿಂದೆ, ಬೆಟ್ಟಗಳು ಒಂದರ ಜೊತೆ ಇನ್ನೊಂದು ಮಾತಾಡುತ್ತಿದ್ದ ಕಾಲದಲ್ಲಿ, ಕಾರೆಗುಡ್ಡ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ತೊಂಡರಾಯ. ಅವನಿಗೆ ಆನೆ ಇತ್ತು, ಕುದುರೆ ಇತ್ತು, ಕಲ್ಲಿನ ಕೋಟೆ ಇತ್ತು. ಧೈರ್ಯ ಒಂದು ಇರಲಿಲ್ಲ.

ಒಮ್ಮೆ ತೊಂಡರಾಯನಿಗೆ ಜ್ವರ ಬಂತು. ಬಂದ ಜ್ವರ ಹೋಗಲಿಲ್ಲ. ಆಗ ಎಲ್ಲಿಂದಲೋ ಗಾಳಯ್ಯನೆಂಬ ಮಂತ್ರವಾದಿ ಬಂದು, ಮಂಚದ ಕಾಲ ಬಳಿ ಕೂತು, "ಮಹಾಪ್ರಭು, ನಿಮ್ಮ ರಾಜ್ಯದ ಮಾಟಗಾತಿಯರು ನಿಮ್ಮ ಆಯಸ್ಸನ್ನು ಕುಡಿಯುತ್ತಿದ್ದಾರೆ. ಅವರನ್ನು ನನಗೆ ಒಪ್ಪಿಸಿ," ಅಂದ. ಹೆದರಿದವನಿಗೆ ಯೋಚನೆ ಎಲ್ಲಿಂದ ಬರಬೇಕು? ರಾಜ ಹೂಂ ಅಂದುಬಿಟ್ಟ.

ಭಟರು ಊರೂರು ಸುತ್ತಿದರು. ಬೇರು ತೇಯುವವಳನ್ನು ಹಿಡಿದರು, ಸೂಲಗಿತ್ತಿಯನ್ನು ಹಿಡಿದರು, ಒಬ್ಬಳೇ ಕೂತು ನಗುತ್ತಿದ್ದವಳನ್ನೂ ಹಿಡಿದರು. ಗಾಳಯ್ಯ ಅವರನ್ನು ಗುಡ್ಡದ ಬಂಡೆಯ ಮೇಲೆ ನಿಲ್ಲಿಸಿ ಬೂದಿ ಊದಿದರೆ ಅವರು ನಿಂತಲ್ಲೇ ಕಲ್ಲಿನ ಕಂಬವಾಗುತ್ತಿದ್ದರು. ಕಂಬಗಳ ಮೇಲೆ ಚಾವಣಿ ತಾನಾಗಿ ಹಬ್ಬಿತು, ಗೋಡೆ ತಾನಾಗಿ ಎದ್ದಿತು. ಅದೇ ಕರಿಮಹಲು. ನಡುಹಗಲಲ್ಲೂ ಅದರೊಳಗೆ ಬಾವಲಿಗಳು ಹಾರಾಡುತ್ತಿದ್ದವು. ಒಂದೊಂದು ಕಂಬ ಹೆಚ್ಚಿದಂತೆ ಗಾಳಯ್ಯನ ಆಯಸ್ಸೂ ಹೆಚ್ಚುತ್ತಿತ್ತು. ಹನ್ನೆರಡು ವರ್ಷ ಕಳೆದರೂ ಅವನ ಮೀಸೆಯ ಒಂದು ಕೂದಲೂ ನರೆಯಲಿಲ್ಲ.

ಕಾರೆಗುಡ್ಡದಲ್ಲಿ ಒಂದು ಹಳೆಯ ಕಟ್ಟಳೆಯಿತ್ತು. ಸೆರೆಯಲ್ಲಿರುವವರ ಮುಂದೆ ಅವರ ಕಡೆಯವರು ಬಂದು ನಿಂತು, "ಇವರು ನನಗೆ ಇಂಥವರಾಗಬೇಕು," ಎಂದು ಬಾಯಿ ತುಂಬ ನಂಟು ಹೇಳಿ ಕರೆಯಬೇಕು. ಸೆರೆಯಲ್ಲಿದ್ದವರು ಹೌದೆಂದರೆ ಬಿಟ್ಟುಬಿಡಬೇಕು. ಕೋಟೆಯ ಮೊದಲ ಕಲ್ಲನ್ನು ಆ ಮಾತಿನ ಮೇಲೇ ಇಟ್ಟಿದ್ದರಿಂದ ಗಾಳಯ್ಯನ ಮಂತ್ರವೂ ಅದನ್ನು ಮೀರುವಂತಿರಲಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಆದರೂ ಒಬ್ಬರೂ ಹೋಗಲಿಲ್ಲ. ಮಾಟಗಾತಿಯ ಅಣ್ಣ, ಮಾಟಗಾತಿಯ ಮಗ ಅನ್ನಿಸಿಕೊಳ್ಳಲು ಯಾರಿಗೆ ಬೇಕಾಗಿತ್ತು ಹೇಳಿ!

ಕೋಟೆಯ ಕೆಳಗೆ ಕಂಬಳಿ ನೇಯುವವರ ಕೇರಿ. ಅಲ್ಲಿ ಹಾಲವ್ವ ಎಂಬ ಹೆಂಗಸು ಇದ್ದಳು. ತಂದೆ ತಾಯಿ ತೀರಿಕೊಂಡಿದ್ದರು, ಮಗ್ಗ ಒಂದು ಉಳಿದಿತ್ತು. ಅವಳ ಜೊತೆ ಕೊಂತಿ ಇದ್ದಳು. ಕೊಂತಿ ಯಾವ ಊರಿನವಳೋ, ಯಾವ ಮನೆಯವಳೋ ಅವಳಿಗೇ ಗೊತ್ತಿರಲಿಲ್ಲ. ಅವಳಿಗೆ ನಿಜವಾಗಿಯೂ ಒಂದಿಷ್ಟು ಮಾಟ ಬರುತ್ತಿತ್ತು. ಮಲಗಿದವರ ಪಕ್ಕ ಕೂತು ಜ್ವರದ ಜೊತೆ ಮಾತಾಡುತ್ತಿದ್ದಳು. "ಮಗು ನೋಡು ಎಷ್ಟು ಸಣ್ಣದು, ನಾಚ್ಕೆ ಆಗಲ್ವಾ ನಿಂಗೆ?" ಅಂದರೆ ಜ್ವರ ನಾಚಿಕೊಂಡು ಎದ್ದು ಹೋಗುತ್ತಿತ್ತು.

ಹಾಲವ್ವ ನೂಲುವಾಗ ಕೊಂತಿ ಉಣ್ಣೆ ಹಿಂಜಿ ಕೊಡುತ್ತಿದ್ದಳು. ಒಬ್ಬಳು ಹಾಡಿದರೆ ಒಬ್ಬಳು ಬೈಯುತ್ತಿದ್ದಳು. ಅವರಿಬ್ಬರಿಗೂ ಒಬ್ಬರ ಮೇಲೆ ಒಬ್ಬರಿಗೆ ಜೀವ. ಗಂಡ ಹೆಂಡಿರಲ್ಲಿ ಕೂಡ ಅಷ್ಟು ಪ್ರೀತಿಯನ್ನು ಆ ಕೇರಿ ಕಂಡಿರಲಿಲ್ಲ. ಕಂಡಿದ್ದರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ ಬಿಡಿ.

ಆ ಕೇರಿಯಲ್ಲಿ ಒಂದೊಂದು ಮನೆಯ ಕಂಬಳಿಗೆ ಒಂದೊಂದು ಅಂಚು. ಮದುವೆಯ ಕಂಬಳಿಗೆ ಮಾತ್ರ ಒಂದು ಕಡೆ ಹೆಣ್ಣಿನ ಮನೆಯ ಅಂಚು, ಇನ್ನೊಂದು ಕಡೆ ಗಂಡಿನ ಮನೆಯ ಅಂಚು. ಒಂದು ಸಲ ಹಾಲವ್ವ ಗುಟ್ಟಾಗಿ ಒಂದು ಕಂಬಳಿ ನೇಯ್ದಳು. ಒಂದು ಕಡೆ ತನ್ನ ಮನೆಯ ಮೂರು ಬಿಳಿ ಪಟ್ಟೆ. ಇನ್ನೊಂದು ಕಡೆ, ಮನೆಯೇ ಇಲ್ಲದ ಕೊಂತಿಗೆಂದು, ಯಾರೂ ಎಂದೂ ಹಾಕದ ಒಂದು ಕೆಂಪು ಪಟ್ಟೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಆದರೆ ಹಾಲವ್ವ ನೇಕಾರತಿ. ನೇಯ್ದ ಕಂಬಳಿಗೆ ಹುಣಸೆ ಬೀಜದ ಗಂಜಿ ಬಳಿಯಬೇಕು, ಬಳಿದಿದ್ದನ್ನು ಸುಡುಬಿಸಿಲಲ್ಲಿ ಒಣಗಿಸಬೇಕು. ನೆರಳಲ್ಲಿ ಒಣಗಿದ ಕಂಬಳಿ ಮುಗ್ಗಲು ಹಿಡಿಯುತ್ತದೆ. ಕೊಂತಿಯ ಕಂಬಳಿಯನ್ನು ಮುಗ್ಗಲು ಹಿಡಿಸುವುದೇ! ಅವಳ ಕೈಲಿ ಆಗಲಿಲ್ಲ. ಹೊರಗೆ ಬಂಡೆಯ ಮೇಲೆ ಹರವಿಬಿಟ್ಟಳು.

ಕೇರಿಯ ಯಜಮಾನ ಬೊಮ್ಮಣ್ಣ ಆ ದಾರಿಯಲ್ಲಿ ಬಂದ. ಅಂಚು ಓದುವುದು ಅವನಿಗೆ ನೀರು ಕುಡಿದಷ್ಟು ಸಲೀಸು.

"ಮದ್ವೆ ಕಂಬಳಿ! ಯಾರ್ದವ್ವ ಮದ್ವೆ?" ಅಂದ.

ಹಾಲವ್ವ ಕಂಬಳಿಯ ಅಂಚನ್ನು ಒಳಗೆ ಮಡಚಿದಳು.

"ಈ ಮನೇಲಿ ಗಂಡಸೇ ಇಲ್ಲ. ಕೆಂಪು ಪಟ್ಟೆ ಯಾವ ಮನೇದು? ಆ ಕೊಂತಿ ನಿಂಗೇನಾಗ್ಬೇಕು?"

ಹಾಲವ್ವ ಕಂಬಳಿ ಸುತ್ತಿಕೊಂಡು ಒಳಗೆ ಹೋದಳು. ಕೊಂತಿಯೇ ಇವಳಿಗೆ ಮಾಟ ಹಾಕಿದ್ದಾಳೆ ಅಂದುಕೊಂಡ ಬೊಮ್ಮಣ್ಣ, ನೆಟ್ಟಗೆ ಕೋಟೆಗೆ ಹೋಗಿ ಹೇಳಿಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಭಟರು ಬಂದು ಕೊಂತಿಯನ್ನು ಎಳೆದುಕೊಂಡು ಹೋದರು.

ಎರಡು ದಿನ ಹಾಲವ್ವ ಅತ್ತಳು. ಮೂರನೆಯ ದಿನ ಬೆಳಗ್ಗೆ ಮುಖ ತೊಳೆದು, ಕುರಿ ಉಣ್ಣೆಯ ಕತ್ತರಿಯನ್ನೂ ನೂಲುವ ಕದಿರನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡ್ಡ ಹತ್ತಿದಳು. ಏನಾಗುತ್ತದೋ ನೋಡೋಣವೆಂದು ಬೊಮ್ಮಣ್ಣನನ್ನು ಮುಂದಿಟ್ಟುಕೊಂಡು ಕೇರಿಯ ಜನವೆಲ್ಲ ದೂರದಲ್ಲಿ ಹಿಂದೆ ಬಂದರು.

ಕರಿಮಹಲಿನ ಮೊದಲ ಬಾಗಿಲಲ್ಲಿ ಎತ್ತಿನಷ್ಟು ದೊಡ್ಡ ಕರಿನಾಯಿ ಮಲಗಿತ್ತು. ಅದಕ್ಕೆ ಮೂರು ಸಾಲು ಹಲ್ಲು.

"ಮುಂದೆ ಹೆಜ್ಜೆ ಇಟ್ಟರೆ ನುಂಗುತ್ತೇನೆ," ಅಂದಿತು ನಾಯಿ.

ಹಾಲವ್ವ ಅದರ ಹಲ್ಲು ನೋಡಲಿಲ್ಲ, ಮೈ ನೋಡಿದಳು. ಕೂದಲೆಲ್ಲ ಜಡೆಗಟ್ಟಿ, ಅದರ ತುಂಬ ಮುಳ್ಳು, ಉಣ್ಣಿ.

"ಅಯ್ಯೋ ನಿನ್ನ! ಹನ್ನೆರಡು ವರ್ಷದಿಂದ ಯಾರೂ ಮೈ ಮುಟ್ಟಿಲ್ವಾ?" ಎಂದು ಕತ್ತರಿ ತೆಗೆದು ಕುರಿಗೆ ಕತ್ತರಿಸಿದ ಹಾಗೆ ಬಾಲದಿಂದ ಕಿವಿಯವರೆಗೆ ಕತ್ತರಿಸಿದಳು. ನಾಯಿ ಒಂದು ಸಲ ಮೈ ಕೊಡವಿತು. "ತಣ್ಣಗಾಯಿತು ತಾಯಿ," ಎಂದು ಪಕ್ಕಕ್ಕೆ ಸರಿದು ಗೊರಕೆ ಹೊಡೆಯತೊಡಗಿತು.

ಎರಡನೆಯ ಬಾಗಿಲಲ್ಲಿ ಮಂಜು ತುಂಬಿತ್ತು. ಅದರೊಳಗೆ ಕಾಲಿಟ್ಟವರಿಗೆ ತಮ್ಮ ಕೈ ತಮಗೇ ಕಾಣುತ್ತಿರಲಿಲ್ಲ, ತಮ್ಮ ಹೆಸರು ತಮಗೇ ಮರೆಯುತ್ತಿತ್ತು. ಹಾಲವ್ವನಿಗೂ ಮನೆ ಮರೆಯಿತು, ಕೇರಿ ಮರೆಯಿತು. ಕೈಗೆ ಮಾತ್ರ ಕೆಲಸ ಮರೆಯಲಿಲ್ಲ. ಕದಿರು ತಿರುಗಿಸಿ, ಮಂಜಿನ ಒಂದು ಎಳೆ ಹಿಡಿದು ನೂಲತೊಡಗಿದಳು. ನೂತಂತೆಲ್ಲ ಮಂಜು ಕಡಿಮೆಯಾಯಿತು. ಕೊನೆಗೆ ಒಂದು ಬಿಳಿ ಉಂಡೆ ಉಳಿಯಿತು, ದಾರಿ ಕಂಡಿತು. ಹಿಂದೆ ಬಂದ ಜನಕ್ಕೂ ಬಾಗಿಲಿನಿಂದ ಒಳಗಿನದೆಲ್ಲ ಕಂಡಿತು.

ಮೂರನೆಯದು ಕಂಬಗಳ ಹಜಾರ. ನಲವತ್ತೊಂದು ಕಂಬ, ಎಲ್ಲವೂ ಒಂದೇ ಕಪ್ಪು. ನಡುವೆ ಗಾಳಯ್ಯ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ.

"ಬಾ ಹಾಲವ್ವ. ಯಾವುದು ನಿನ್ನದು, ತೋರಿಸು," ಎಂದು ನಕ್ಕ.

ಕೊಂತಿ ಯಾವಾಗಲೂ ಎಡಗಾಲಿನ ಮೇಲೆ ಭಾರ ಹಾಕಿ ನಿಲ್ಲುವವಳು. ಒಂದು ಕಂಬ ಮಾತ್ರ ಒಂಚೂರು ಎಡಕ್ಕೆ ವಾಲಿತ್ತು. ಹಾಲವ್ವ ಹೋಗಿ ಅದನ್ನು ಮುಟ್ಟಿದಳು. ಕಲ್ಲು ಬೆಚ್ಚಗಿತ್ತು.

ಗಾಳಯ್ಯನ ನಗು ನಿಂತಿತು. "ಕಂಡುಹಿಡಿದರೆ ಸಾಲದು, ನಂಟು ಹೇಳಬೇಕು. ಮೂರು ಸಲ ಕೇಳುತ್ತೇನೆ. ಮೂರೂ ಸಲ ಸುಳ್ಳಾದರೆ ನೀನು ನಲವತ್ತೆರಡನೆಯ ಕಂಬ. ಹೇಳು, ಇವಳು ನಿನಗೆ ಏನಾಗಬೇಕು?"

ಹಾಲವ್ವ ಬಾಗಿಲ ಕಡೆ ನೋಡಿದಳು. ಕೇರಿಗೆ ಕೇರಿಯೇ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿತ್ತು. ನಾಳೆ ಅವರ ನಡುವೆಯೇ ಬಾಳಬೇಕು.

"ಗೆಳತಿ," ಅಂದಳು.

ಕಂಬ ಅಲ್ಲಾಡಲಿಲ್ಲ. ಹಾಲವ್ವನ ಪಾದ ಕಲ್ಲಾಯಿತು, ಕಲ್ಲು ಮೊಣಕಾಲಿನವರೆಗೆ ಏರಿತು.

"ಇವಳು ನಿನಗೆ ಏನಾಗಬೇಕು?"

"ತಂಗಿ. ತಂಗಿ ಆಗ್ಬೇಕು."

ಕಲ್ಲು ಸೊಂಟದವರೆಗೆ ಏರಿತು. ಕತ್ತರಿಯೂ ಕದಿರೂ ಸೊಂಟದಲ್ಲೇ ಕಲ್ಲಾಗಿ ಹೋದವು. ಅವಳ ಯಾವ ಕಸುಬೂ ಇಲ್ಲಿ ನಡೆಯುವಂತಿರಲಿಲ್ಲ. ಗಾಳಯ್ಯ ಎದ್ದು ಬೂದಿಯ ಸಂಚಿ ಬಿಚ್ಚಿದ.

"ಕೊನೆಯ ಸಲ. ಇವಳು ನಿನಗೆ ಏನಾಗಬೇಕು?"

ಹಾಲವ್ವ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಬಾವಲಿಗಳು ಬೆದರಿ ಏಳುವಷ್ಟು ಗಟ್ಟಿಯಾಗಿ ಕೂಗಿದಳು.

"ಅವ್ಳು ನನ್ನ ಹೆಂಡ್ತಿ ಕಣಯ್ಯ! ನಾನು ಅವ್ಳ ಹೆಂಡ್ತಿ! ಅವ್ಳಿಲ್ದೆ ಮೂರು ದಿನದಿಂದ ಒಂದು ತುತ್ತು ಗಂಟ್ಲಲ್ಲಿ ಇಳ್ದಿಲ್ಲ. ನನ್ನ ಹೆಂಡ್ತೀನ ನಂಗೆ ಕೊಡು!"

ಗಾಳಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಂಥ ನಂಟು ಈ ರಾಜ್ಯದಲ್ಲೇ ಇಲ್ಲ!"

"ಐತೆ ಕಣಯ್ಯ," ಅಂದಿತು ಕಂಬ. "ಕೇಳ್ಬೇಕಾದ್ದು ನನ್ನ, ನೀನ್ಯಾವೋನು ನಡುವೆ ಬಾಯಿ ಹಾಕೋಕೆ? ಹೌದು, ನಾನು ಇವ್ಳ ಹೆಂಡ್ತಿ."

ಕಪ್ಪು ಕಲ್ಲು ಚಕ್ಕೆಚಕ್ಕೆಯಾಗಿ ಉದುರಿತು. ಒಳಗಿನಿಂದ ಕೊಂತಿ ಬಂದಳು. ಹಾಲವ್ವನ ಕಾಲಿನ ಕಲ್ಲೂ ಕರಗಿತು. ಕೊಂತಿ ಅವಳ ಕೆನ್ನೆ ಹಿಡಿದು, "ತಂಗಿಯಂತೆ ತಂಗಿ! ಮನೆಗೆ ನಡಿ, ಮಾಡ್ತೀನಿ ನಿಂಗೆ," ಎಂದು ಅತ್ತಳು. ಹಾಲವ್ವನೂ ಅತ್ತಳು.

ಒಂದು ಕಂಬ ಹೋಗಿದ್ದಕ್ಕೆ ಚಾವಣಿಯ ಒಂದು ಚಪ್ಪಡಿ ಧೊಪ್ಪೆಂದು ಬಿತ್ತು. ಗಾಳಯ್ಯನ ಅರ್ಧ ಮೀಸೆ ಬೆಳ್ಳಗಾಯಿತು. ಕೊಂತಿ ಬಾಗಿಲ ಕಡೆ ತಿರುಗಿ, "ನೋಡ್ತಾ ನಿಂತ್ರೆ ಏನು ಬಂತು? ಎಲ್ಲರೂ ಒಳಗಿಂದ ಕೇಳಿಸ್ಕೋತಾ ಅವ್ರೆ. ನಿಮ್ಮೋರ್ನ ಕರೀರಿ!" ಅಂದಳು.

ಯಾರೂ ಅಲುಗಲಿಲ್ಲ. ಆಮೇಲೆ ಬೊಮ್ಮಣ್ಣ, ಅದೇ ಬೊಮ್ಮಣ್ಣ, ತಲೆಗೆ ಸುತ್ತಿದ ವಸ್ತ್ರ ತೆಗೆದು ಕೈಲಿ ಹಿಡಿದುಕೊಂಡು ಒಳಗೆ ಬಂದ. ಹನ್ನೆರಡು ವರ್ಷದ ಹಿಂದೆ ಮೊಟ್ಟಮೊದಲು ಹಿಡಿದುಕೊಂಡು ಹೋದ ಸೂಲಗಿತ್ತಿ ಅವನ ಒಡಹುಟ್ಟಿದ ಅಕ್ಕ. ಆ ಸಂಗತಿಯನ್ನು ಅವನು ಯಾರ ಮುಂದೂ ಎತ್ತುತ್ತಿರಲಿಲ್ಲ. ಮೊದಲ ಕಂಬದ ಮುಂದೆ ಮಂಡಿಯೂರಿ, "ಅಕ್ಕಾ," ಅಂದ. "ನನ್ನಕ್ಕ ಕಣ್ರಪ್ಪ ಇವ್ಳು. ನನ್ನ ಎತ್ತಿ ಆಡಿಸಿದ ಅಕ್ಕ."

ಕಲ್ಲು ಉದುರಿ ಅಕ್ಕ ಹೊರಬಂದಳು. ಕಲ್ಲಾಗಿದ್ದವಳಿಗೆ ವಯಸ್ಸಾಗಿರಲಿಲ್ಲ. ಈಗ ತಮ್ಮನೇ ಅವಳಿಗಿಂತ ಹತ್ತು ವರ್ಷ ದೊಡ್ಡವನಾಗಿದ್ದ. ಅವನ ನರೆತ ಗಡ್ಡ ಮುಟ್ಟಿ ನೋಡಿ, "ಇದ್ಯಾವಾಗ ಇಷ್ಟು ಮುದ್ಕ ಆದ್ಯೋ ಬೊಮ್ಮ?" ಅಂದಳು.

"ನಿನ್ನ ಕರಿಯೋಕೆ ತಡ ಆಗೋಯ್ತಕ್ಕ," ಎಂದು ಬೊಮ್ಮಣ್ಣ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ.

ಅಷ್ಟಾದ ಮೇಲೆ ತಡೆಯುವವರು ಯಾರು? ಅವ್ವಾ ಅಂದರು, ಅತ್ತೇ ಅಂದರು, ಮಗಳೇ ಅಂದರು. ಸುದ್ದಿ ಊರೂರಿಗೆ ಹಬ್ಬಿ ಜನ ಓಡೋಡಿ ಬಂದರು. ಗಾಳಯ್ಯ ಒಂದೊಂದು ಕರೆಗೂ ಒಂದಿಷ್ಟು ಕುಗ್ಗಿ, ಕೊನೆಗೆ ಹಲ್ಲಿಯಾಗಿ ಬಂಡೆಯ ಸಂದಿಗೆ ನುಗ್ಗಿದ. ಯಾರಾದರೂ ನಿಜ ಹೇಳಿದಾಗಲೆಲ್ಲ ಲೊಚಲೊಚ ಅನ್ನಬೇಕಾದ್ದೇ ಅವನ ಹಣೆಬರಹವಾಯಿತು. ಕಂಬವಿಲ್ಲದ ಮಹಲು ಜನ ಹೊರಗೆ ಬರುವವರೆಗೆ ತಡೆದು, ಆಮೇಲೆ ಕುಸಿದು ಬಿತ್ತು. ಮಾರನೆಯ ದಿನ ಕೊಂತಿ ಅರಮನೆಗೆ ಹೋಗಿ ರಾಜನ ಜ್ವರಕ್ಕೆ ನಾಲ್ಕು ಮಾತು ಬೈದಳು. ಜ್ವರ ಹೋಯಿತು. ರಾಜನಿಗೂ ನಾಲ್ಕು ಮಾತು ಬೈದಳು. ಅವನು ತಲೆ ತಗ್ಗಿಸಿ ಕೇಳಿ, ನಲವತ್ತೊಂದು ಮನೆಗೂ ನಡೆದು ಹೋಗಿ ತಪ್ಪಾಯಿತೆಂದು ಕೈಮುಗಿದ.

ಅದೆಲ್ಲ ಮಾರನೆಯ ದಿನದ ಮಾತು. ಅವತ್ತು ಗುಡ್ಡದ ಮೇಲೆ ಇನ್ನೂ ಬಿಸಿಲಿತ್ತು. ಮೂರು ದಿನ ನಿಂತೇ ಇದ್ದ ಕೊಂತಿಗೆ ಹೆಜ್ಜೆ ಎತ್ತಿಡಲಾಗಲಿಲ್ಲ. "ಮೊದ್ಲು ಕೂತ್ಕೋಬೇಕು ಕಣೇ," ಎಂದು ಬಂಡೆಯ ಮೇಲೆ ಕೂತಳು. ಹಾಲವ್ವ ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದಳು. ಜನ ನೋಡುತ್ತಿದ್ದರು. ಹಾಲವ್ವ ಕೈ ತೆಗೆಯಲಿಲ್ಲ.

ಬೊಮ್ಮಣ್ಣ ಒಂದು ಗಡಿಗೆ ಮಜ್ಜಿಗೆ ತಂದು ಅವರ ಮುಂದೆ ನಿಂತ. ಬಹಳ ಹೊತ್ತು ಕೆಮ್ಮಿದ. ಆಮೇಲೆ ಗಡಿಗೆಯನ್ನು ಮುಂದೆ ಚಾಚಿ, ಎಲ್ಲರಿಗೂ ಕೇಳಿಸುವ ಹಾಗೆ, "ತಗೋ ಹಾಲವ್ವ. ಮೊದ್ಲು ನಿನ್ನ ಹೆಂಡ್ತಿಗೆ ಕೊಡು," ಅಂದ.

ಆಮೇಲೆ ಕಾರೆಗುಡ್ಡದಲ್ಲಿ ಕಾಲಕಾಲಕ್ಕೆ ಮಳೆಯಾಯಿತು, ಕುರಿಗಳು ಈದವು, ಮಗ್ಗಗಳು ಓಡಿದವು. ಹಾಲವ್ವ ಕೊಂತಿ ಜಗಳವಾಡಿಕೊಂಡು, ರಾಜಿಯಾಗಿಕೊಂಡು, ತಲೆ ಹಣ್ಣಾಗುವವರೆಗೆ ಸುಖವಾಗಿದ್ದರು. ಈ ಕತೆ ಕೇಳಿದ ನೀವೂ, ನಿಮ್ಮವರೂ ಹಾಗೇ ಇರಿ.